ಮುಳ್ಳುತಂತಿಯನ್ನು ಮರೆಯಬೇಡಿ

ಮೊದಲನೇ ಮಹಾಯುದ್ಧದ ಕಂದಕಗಳ ಬಗ್ಗೆ ನೀವು ಬರೆದ ಲೇಖನದಲ್ಲಿ ಮೆಷಿನ್ ಗನ್, ವಿಷಾನಿಲ, ಟ್ಯಾಂಕ್ ಎಲ್ಲಾ ಬಂದಿವೆ. ಮುಳ್ಳುತಂತಿಗೆ ಮಾತ್ರ ಒಂದೇ ಸಾಲು. ಅದು ಸಾಲದು ಅನ್ನಿಸಿತು. ತಂತಿಗೆ ಸಿಕ್ಕಿಕೊಂಡ ಸೈನಿಕ ಮುಂದೆ ಹೋಗಲಾರ, ಹಿಂದೆ ಬರಲಾರ. ಮೆಷಿನ್ ಗನ್‌ಗೆ ಅಷ್ಟೇ ಸಾಕಲ್ವಾ?

ಫ್ರಾನ್ಸಿನಲ್ಲಿ ನಡೆದ 1916ರ ಸೋಮ್ ಕದನಕ್ಕೆ ಮುಂಚೆ ಬ್ರಿಟಿಷರು ಜರ್ಮನ್ನರ ಮೇಲೆ ಒಂದು ವಾರ ಸುಮಾರು 15 ಲಕ್ಷ ಫಿರಂಗಿ ಶೆಲ್ ಸುರಿದರು. ಆದರೂ ಎಷ್ಟೋ ಕಡೆ ತಂತಿ ಹಾಗೇ ಇತ್ತು. ಗಾಳಿಯಲ್ಲೇ ಸಿಡಿದು ಗುಂಡು ಚೆಲ್ಲುವ ಶ್ರಾಪ್ನೆಲ್ ಶೆಲ್ ಸರಿಯಾದ ಎತ್ತರದಲ್ಲಿ ಸಿಡಿದರೆ ಮಾತ್ರ ತಂತಿ ತುಂಡಾಗುತ್ತಿತ್ತು. ಕದನ ಶುರುವಾದ ಜುಲೈ 1ರ ಒಂದೇ ದಿನ 19,000ಕ್ಕೂ ಜಾಸ್ತಿ ಬ್ರಿಟಿಷ್ ಸೈನಿಕರು ಸತ್ತರು. ತಂತಿಗೆ ತಾಗಿದ ಕೂಡಲೇ ಶೆಲ್ ಸಿಡಿಸುವ ಸಾಧನ, ಅಂದರೆ 106ನೇ ನಂಬರಿನ ಫ್ಯೂಸ್, ಹೆಚ್ಚಾಗಿ ಬಳಕೆಗೆ ಬಂದದ್ದು 1917ರಲ್ಲಿ. ಒಂದು ವರ್ಷ ಮೊದಲೇ ಬಂದಿದ್ದರೆ ಅನ್ನಿಸುತ್ತದೆ.

ತಂತಿ ಒಡೆಯುವ ಇನ್ನೊಂದು ಉಪಾಯ ನಮ್ಮ ಊರಿನಲ್ಲೇ ಹುಟ್ಟಿದ್ದು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಅದನ್ನು ರೂಪಿಸಿದರು. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮರೆಯಲ್ಲಿ ಮಲಗಿಕೊಂಡೇ ತಂತಿಯ ಕೆಳಗೆ ತಳ್ಳಬಹುದು. ತುದಿಗೆ ನುಣುಪಾದ ಮೂತಿ ಇರುವುದರಿಂದ ಅದು ನೆಲಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಸಿಡಿಸಿದರೆ ಆಳು ನುಗ್ಗುವಷ್ಟು ದಾರಿ ಆಗುತ್ತದೆ. ಇವತ್ತಿಗೂ ಪ್ರಪಂಚದ ಸೈನ್ಯಗಳು ಇದನ್ನು 'ಬ್ಯಾಂಗಲೋರ್ ಟಾರ್ಪಿಡೊ' ಎಂದೇ ಕರೆಯುತ್ತವೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಫ್ರಾನ್ಸಿನ ನಾರ್ಮಂಡಿ ದಡದ ತಂತಿಯನ್ನೂ ಇದೇ ಒಡೆಯಿತು. ಆ ಪಡೆಯ ನೆಲೆ ಇರುವ ಹಲಸೂರು ಕೆರೆ ಪಕ್ಕ ದಿನಾ ಓಡಾಡುವ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ದಯವಿಟ್ಟು ಇದನ್ನು ಲೇಖನಕ್ಕೆ ಸೇರಿಸಿ.