ಆಲ್ ಇನ್‌ಕ್ಲೂಸಿವ್ ಅಂತೆ, ಯಾರ್ ಕುಡಿದಿದ್ದಕ್ಕೆ ಯಾರ್ ದುಡ್ಡು?

ಡಿಸೆಂಬರ್ ರಜಕ್ಕೆ ಕೆರಿಬಿಯನ್ ಹೋಗೋಣ ಅಂತ ನಮ್ಮ ಡಲ್ಲಾಸ್ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಶುರುವಾಗಿದೆ. ಎಲ್ರದ್ದೂ ಒಂದೇ ರಾಗ, ಆಲ್ ಇನ್‌ಕ್ಲೂಸಿವ್ ರೆಸಾರ್ಟ್ ಬುಕ್ ಮಾಡಿ ಬಿಸಾಕಿ, ಕೈಗೊಂದು ಪಟ್ಟಿ ಕಟ್ತಾರೆ, ಬೇಕಾದ್ದು ತಿನ್ನಿ ಬೇಕಾದಷ್ಟು ಕುಡೀರಿ, ತಲೆನೋವೇ ಇಲ್ಲ. ಸರಿ ಸ್ವಾಮಿ, ಆದ್ರೆ ಆ ರೇಟಲ್ಲಿ ಏನೇನ್ ಸೇರಿದೆ ಅಂತ ಯಾರಾದ್ರೂ ನೋಡಿದೀರಾ? ಬೆಳಿಗ್ಗೆ ತಿಂಡಿ ಆಗ್ತಿದ್ದಂಗೇ ಸ್ವಿಮ್ಮಿಂಗ್ ಪೂಲ್ ಒಳಗಿರೋ ಬಾರಲ್ಲಿ ನೀರಲ್ಲೇ ಕೂತು ರಮ್ ಶುರು ಮಾಡೋರ ಖರ್ಚು, ರಾತ್ರಿ ಸ್ಟೀಕು, ಲಾಬ್‌ಸ್ಟರು, ಎಲ್ಲಾ ಸೇರಿ ಅದು. ನಮ್ಮನೇಲಿ ಯಾರೂ ಕುಡಿಯಲ್ಲ, ನಮ್ಮತ್ತೆ ಕೇಕಲ್ಲಿ ಮೊಟ್ಟೆ ಇದ್ಯಾ ಅಂತ ಕೇಳಿ ತಿನ್ನೋರು. ನಾವು ತಿನ್ನೋದು ಟೊಮೇಟೊ ಸಾಸ್ ಹಾಕಿದ ಪಾಸ್ತಾ, ಫ್ರೆಂಚ್ ಫ್ರೈಸ್, ಅನಾನಸ್. ಇದಕ್ಕೆ ತಲಾ ಇಷ್ಟು ಅಂತ ಕೊಡೋದು ಪಕ್ಕದ ಟೇಬಲ್‌ನೋರ ಗುಂಡಿಗೆ ನಾವು ಚಂದಾ ಕೊಟ್ಟಂಗೇ ಲೆಕ್ಕ. ಕುಡಿಯೋರಿಗೆ, ಮೀನು ಮಾಂಸ ಚೆನ್ನಾಗಿ ತಿನ್ನೋರಿಗೆ ಲಾಭಾನೇ, ಅದನ್ನ ನಾನು ಇಲ್ಲ ಅನ್ನಲ್ಲ.

ನಾನ್ ಹೇಳೋದು ಏನಂದ್ರೆ ಮೊದಲು ದ್ವೀಪ ನೋಡಿ, ಆಮೇಲೆ ದ್ವೀಪದ ಯಾವ ಮಗ್ಗುಲು ಅಂತ ನೋಡಿ, ಹೋಟೆಲ್ ಕೊನೇಗೆ. ಒಂದ್ ಜೂನಲ್ಲಿ ನಾವು ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾಗೆ ಹೋಗಿದ್ವಿ, ರೂಮು ಭರ್ಜರಿ, ಬಾಲ್ಕನೀಲಿ ನಿಂತ್ರೆ ಸಮುದ್ರ, ಆದ್ರೆ ದಡದುದ್ದಕ್ಕೂ ಕಂದು ಬಣ್ಣದ ಪಾಚಿ ಮೊಣಕಾಲೆತ್ತರ ಬಿದ್ದಿತ್ತು, ಕೊಳೆತ ಮೊಟ್ಟೆ ವಾಸನೆ, ನಸುಕಲ್ಲೇ ಟ್ರಾಕ್ಟರ್ ತಂದು ಬಾಚೋರು, ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಸಾರ್ಗಾಸಮ್ ಅಂತಾರೆ ಅದಕ್ಕೆ, 2011ರಿಂದ ರಾಶಿ ರಾಶಿ ಬರ್ತಿದೆ, ಹೆಚ್ಚಾಗಿ ಅಟ್ಲಾಂಟಿಕ್ ಕಡೆ ಮುಖ ಮಾಡಿರೋ ದಡಗಳಿಗೆ, ಬೇಸಿಗೇಲಿ ಜಾಸ್ತಿ. ಹೋಟೆಲ್‌ನೋರು ಏನ್ ಮಾಡೋಕಾಗತ್ತೆ ಪಾಪ. ಆದ್ರೆ ವೆಬ್‌ಸೈಟ್ ಫೋಟೋದಲ್ಲಿ ಒಂದೆಳೆ ಪಾಚಿ ಇರಲ್ಲ ನೋಡಿ!

ಈ ಸಲ ನನ್ ಓಟು ಬಾರ್ಬಡೋಸ್‌ಗೆ, ಅದರಲ್ಲೂ ಪಶ್ಚಿಮ ದಡ, ಹೋಲ್‌ಟೌನ್ ಸುತ್ತಮುತ್ತ. ಆ ಕಡೆ ನೀರು ಶಾಂತ, ಮಕ್ಕಳು ಆಡಬಹುದು. ಪೂರ್ವಕ್ಕೆ ಬತ್‌ಶೀಬಾ ಅಂತಿದೆ, ನೋಡೋಕ್ ಚೆಂದ, ಈಜೋಕ್ ಮಾತ್ರ ಇಳೀಬಾರದು. ಮುಖ್ಯವಾಗಿ ಬಾರ್ಬಡೋಸಲ್ಲಿ ಬೀಚೆಲ್ಲಾ ಜನರದ್ದು. 1961ರಿಂದ ಇರೋ ಸ್ಯಾಂಡಿ ಲೇನ್ ಹೋಟೆಲ್ ಗೊತ್ತಲ್ಲ, ದೊಡ್ ದೊಡ್ಡೋರೆಲ್ಲ ಇಳ್ಕೊಳೋದು, ಅದರ ಮುಂದಿನ ಮರಳಲ್ಲೂ ನೀವು ಟವೆಲ್ ಹಾಸ್ಕೊಂಡು ಕೂತ್ಕೋಬಹುದು, ಎದ್ದೇಳಿ ಅನ್ನಂಗಿಲ್ಲ (ಅವರ ಕುರ್ಚಿ ಮುಟ್ಬೇಡಿ ಅಷ್ಟೆ). ಜಮೈಕಾದಲ್ಲಿ ಹಂಗಿಲ್ಲ, 1956ರ ಕಾನೂನು ಇಟ್ಕೊಂಡು ಊರಿನ ಜನಕ್ಕೇ ಬೀಚಿಗೆ ದಾರಿ ಸಿಗಲ್ಲ ಅಂತ ಅವರು ಇವತ್ತಿಗೂ ಕೋರ್ಟು ಕಚೇರಿ ಅಲೀತಿದಾರೆ. ಬೀಚು ಪುಕ್ಕಟೆ ಸಿಗೋ ಊರಲ್ಲಿ ಬೀಚಿನ ಹೆಸರಲ್ಲಿ ಅಷ್ಟ್ ದುಡ್ಡು ಯಾಕ್ ಸುರೀಬೇಕು? ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹೋಟೆಲ್ ತಗೊಳಿ, ಒಂದು ಚಿಕ್ಕ ಕುಕ್ಕರ್ ಬ್ಯಾಗಿಗೆ ಹಾಕಿ. ಐಷಾರಾಮಿ ಬೇಕೇ ಬೇಕು ಅಂದ್ರೆ ಕೊನೇ ಎರಡು ರಾತ್ರಿ ದೊಡ್ಡ ರೆಸಾರ್ಟಿಗೆ ಹೋಗಿ, ಬರೀ ರೂಮ್ ರೇಟಿಗೆ.

ಓಡಾಡೋಕೆ ಝೆಡ್ ಆರ್ ಅಂತ ಬಿಳಿ ವ್ಯಾನುಗಳಿವೆ, ನಂಬರ್ ಪ್ಲೇಟೇ ಹಂಗ್ ಶುರುವಾಗೋದು, ಅದೇ ಹೆಸರಾಗಿದೆ. ಎಲ್ಲಿಗ್ ಹೋದ್ರೂ ಮೂರೂವರೆ ಬಾರ್ಬಡೋಸ್ ಡಾಲರ್, ಅಂದ್ರೆ ಅಮೆರಿಕದ್ದು ಒಂದೂ ಮುಕ್ಕಾಲು. ಹಾಡು ಕಿವಿ ಹರಿಯೋ ಹಂಗೆ ಹಾಕಿರ್ತಾರೆ, ನಮ್ಮತ್ತೆಗೆ ಹತ್ತಿ ಕೊಡಬೇಕಾಗತ್ತೆ. ಊಟಕ್ಕೆ ರೋಟಿ ಅಂಗಡಿ ಹುಡುಕಿ. 1845ರಿಂದ ಬಿಹಾರ, ಯುಪಿ ಕಡೆ ಜನಾನ ಕಬ್ಬಿನ ತೋಟಕ್ಕೆ ಕೂಲಿಗೆ ಅಂತ ಟ್ರಿನಿಡಾಡ್‌ಗೆ ಹಡಗಲ್ಲಿ ಸಾಗಿಸಿದ್ರಲ್ಲ, ಅವರ ರೋಟಿ ದ್ವೀಪ ದ್ವೀಪಕ್ಕೂ ಹಬ್ಬಿದೆ. ಅದರಲ್ಲಿ ದಾಲ್‌ಪುರಿ ಅಂತ ಬರತ್ತೆ, ಒಳಗೆ ಬಟಾಣಿ ಬೇಳೆ ಪುಡಿ, ಜೀರಿಗೆ, ಥೇಟ್ ಬೆಲ್ಲ ಹಾಕದ ಹೋಳಿಗೆ, ಅದರಲ್ಲಿ ಆಲೂಗಡ್ಡೆ ಕಡಲೆಕಾಳು ಪಲ್ಯ ಸುತ್ತಿ ಕೊಡ್ತಾರೆ. ಆದ್ರೆ ಅನ್ನ-ಕಾಳು ಸಿಕ್ತು ಅಂತ ಖುಷಿಯಾಗಿ ಬಡಿಸ್ಕೊಳೋ ಮುಂಚೆ ಕೇಳಿ, ಉಪ್ಪಲ್ಲಿಟ್ಟ ಹಂದಿ ಬಾಲ ಹಾಕಿ ಬೇಯಿಸೋದು ಅಲ್ಲಿ ಮಾಮೂಲು.

ಇನ್ನು ಮಕ್ಕಳಿರೋರು ಇದನ್ನ ಓದ್ಲೇಬೇಕು, ದಡದಲ್ಲಿ ಕೆಂಪು ಬಣ್ಣದ ಪಟ್ಟೆ ಬಳಿದಿರೋ ಮರ ಕಂಡ್ರೆ ದೂರ ಇರಿ. ಮ್ಯಾಂಚಿನೀಲ್ ಅಂತ, ಹಣ್ಣು ಪುಟ್ಟ ಹಸಿರು ಸೇಬಿನ ಥರ ಆಸೆ ಹುಟ್ಸತ್ತೆ, ಭಾರಿ ವಿಷ, ಮಳೇಲಿ ಅದರ ಕೆಳಗೆ ನಿಂತ್ರೂ ಹಾಲು ತೊಟ್ಟಿಕ್ಕಿ ಮೈಯೆಲ್ಲಾ ಬೊಬ್ಬೆ. ಆಮೇಲೆ ಮಿಲಿಟರಿ ಡಿಸೈನ್ ಚಡ್ಡಿ, ಟೋಪಿ ಯಾವುದನ್ನೂ ಪ್ಯಾಕ್ ಮಾಡ್ಬೇಡಿ, ಸಾಮಾನ್ಯ ಜನ ಅದನ್ನ ಹಾಕೋದು ಅಲ್ಲಿ ಕಾನೂನಿಗೆ ವಿರುದ್ಧ. ನಮ್ಮ ಯಜಮಾನ್ರಿಗೆ ಇದ್ಯಾವುದೂ ಬೇಡ, ಬ್ರಿಡ್ಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ತೋರಿಸಿದ್ರೆ ಸಾಕು, 2024ರ ಜೂನ್ 29ರಂದು ನಮ್ಮ ದ್ರಾವಿಡ್ ಟಿ20 ವಿಶ್ವಕಪ್ ಹಿಡ್ಕೊಂಡು ಕೂಗಿದ್ದು ಅಲ್ಲೇ ಅಲ್ವಾ.

ವೀಸಾ ವಿಷ್ಯ. ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಬಾರ್ಬಡೋಸ್‌ಗೆ ಟೂರಿಸ್ಟ್ ವೀಸಾ ಬೇಡ, ಹೋಗೋದು ಸಲೀಸು. ವಾಪಸ್ ಬರೋದು ನೋಡ್ಕೊಳಿ. ಪಾಸ್‌ಪೋರ್ಟಲ್ಲಿರೋ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪಿಂಗ್ ಎಕ್ಸ್‌ಪೈರ್ ಆಗಿದ್ರೆ ಕೆನಡಾ, ಮೆಕ್ಸಿಕೋಗೆ ಹೋಗಿ ಮೂವತ್ತು ದಿನದೊಳಗೆ ಬರೋರಿಗಿರೋ ರಿಯಾಯಿತಿ ಈ ದ್ವೀಪಗಳಿಗೆ ಇಲ್ಲ. ಅಂಥೋರು ಪೋರ್ಟೊ ರಿಕೋಗೆ ಹೋಗಿ, ಅದು ಅಮೆರಿಕದ್ದೇ, ಡೊಮೆಸ್ಟಿಕ್ ಫ್ಲೈಟು. ನಮ್ ಗ್ರೂಪಲ್ಲಿ ಸ್ಟಾಂಪಿಂಗ್ ಬಾಕಿ ಇರೋರು ಯಾರು ಅಂತ ನಂಗೊತ್ತು, ಹೆಸರು ಹೇಳಲ್ಲ, ನಾನ್ ರಿಫಂಡಬಲ್ ಒತ್ತೋಕ್ ಮುಂಚೆ ಒಂದ್ಸಲ ಪಾಸ್‌ಪೋರ್ಟ್ ತೆಗೆದು ನೋಡ್ರಪ್ಪ.