ಥಾಮಸ್‌ಟೌನ್ ಗೆದ್ದದ್ದು ಯಾವ ಕಪ್? ಒಂದು ಸ್ಪಷ್ಟನೆ

ಐರ್ಲೆಂಡಿನ ಕೋಲು-ಚೆಂಡಿನ ಆಟ ಹರ್ಲಿಂಗ್ ಬಗ್ಗೆ ನಾನು ಹಾಕಿದ್ದ ಸಂದೇಶವೊಂದು ಈಗ ಗುಂಪಿನಿಂದ ಗುಂಪಿಗೆ ಹರಿದಾಡುತ್ತಿದೆ. ‘2023ರಲ್ಲಿ ಕಿಲ್ಕೆನಿ ಕೌಂಟಿಯ ಚಾಂಪಿಯನ್ ಥಾಮಸ್‌ಟೌನ್, ನಂತರ ಅಖಿಲ ಐರ್ಲೆಂಡ್ ಚಾಂಪಿಯನ್ನೂ ಅದೇ’ ಎಂದು ಬರೆದಿದ್ದೆ. ಅದು ತಪ್ಪು.

ಥಾಮಸ್‌ಟೌನ್ ಕ್ಲಬ್ ಗೆದ್ದದ್ದು ಕೌಂಟಿಯ ಎರಡನೇ ದರ್ಜೆಯ ಇಂಟರ್‌ಮೀಡಿಯೆಟ್ ಟೂರ್ನಿ. ಗೆದ್ದ ಕ್ಲಬ್ಬಿಗೆ ಮರುವರ್ಷ ಮೊದಲ ದರ್ಜೆಯಾದ ಸೀನಿಯರ್‌ಗೆ ಬಡ್ತಿ. 2024ರ ಜನವರಿಯಲ್ಲಿ ಅದು ಕಾರ್ಕ್‌ನ ಕ್ಯಾಸಲ್‌ಲಯನ್ಸ್ ತಂಡವನ್ನು ಸೋಲಿಸಿ ಪಡೆದ ಅಖಿಲ ಐರ್ಲೆಂಡ್ ಕಪ್ ಕೂಡ ಇಂಟರ್‌ಮೀಡಿಯೆಟ್‌ನದೇ.

2023ರ ಕಿಲ್ಕೆನಿ ಸೀನಿಯರ್ ಚಾಂಪಿಯನ್ ಓಲಾಫ್ಲಿನ್ ಗೇಲ್ಸ್ ಕ್ಲಬ್. ಅಖಿಲ ಐರ್ಲೆಂಡ್ ಸೀನಿಯರ್ ಫೈನಲ್‌ನಲ್ಲಿ ಅದನ್ನು 18-17ರಿಂದ, ಒಂದೇ ಪಾಯಿಂಟಿನಲ್ಲಿ, ಮಣಿಸಿದ್ದು ಗಾಲ್ವೆಯ ಸೇಂಟ್ ಥಾಮಸ್. ಥಾಮಸ್, ಥಾಮಸ್‌ಟೌನ್: ಎಡವಿದ್ದು ಇಲ್ಲೇ! ಎರಡೂ ಫೈನಲ್‌ಗಳ ಫಲಿತಾಂಶ ಮತ್ತೆ ನೋಡಿದಾಗ ಗೊತ್ತಾಯಿತು.

ಹಳೆಯ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ.