ಖಾತೆ ನಾಲ್ಕಿದ್ದರೆ ಹಣ ಹಂಚಿದ ಹಾಗಲ್ಲ

ನಿವೃತ್ತಿಯ ಹಣ ನಾಲ್ಕು ಕಡೆ ಇದೆ, ಹಾಗಾಗಿ ಭಯವಿಲ್ಲ ಅನ್ನುವವರು ಬಹಳ ಜನ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ನಾಲ್ಕನ್ನೂ ತೆರೆದು ನೋಡಿ. ಎಲ್ಲದರಲ್ಲೂ ಅವೇ ದೊಡ್ಡ ಕಂಪನಿಗಳ ಷೇರು ಇರಬಹುದು. ಹಣ ಹಂಚಬೇಕಾದ್ದು ಷೇರು, ಬಾಂಡ್, ನಗದಿನ ನಡುವೆ. ಪಾಸ್‌ವರ್ಡ್‌ಗಳ ನಡುವೆ ಅಲ್ವಲ್ಲ!

ಕೆಲಸ ಬದಲಾದಾಗೆಲ್ಲ ಹೊಸ ಖಾತೆ ಹುಟ್ಟುತ್ತದೆ, ಹಳೆಯದು ಅಲ್ಲೇ ಉಳಿಯುತ್ತದೆ. ಆಸ್ಟ್ರೇಲಿಯಾ ಸರ್ಕಾರಕ್ಕೆ ಆರ್ಥಿಕ ವಿಷಯಗಳಲ್ಲಿ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2018ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿನ ನಿವೃತ್ತಿ ಖಾತೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಯಾರೂ ಬೇಕೆಂದು ತೆರೆಯದ ಹೆಚ್ಚುವರಿ ಖಾತೆಗಳೇ ಆಗಿದ್ದವು. ಅವುಗಳ ಶುಲ್ಕ, ವಿಮೆ ಕಂತಿಗೆ ವರ್ಷಕ್ಕೆ 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಸುಮ್ನೆ ಸೋರುತ್ತಿತ್ತು. 2021ರ ನವೆಂಬರ್‌ನಿಂದ ಅಲ್ಲಿ ನಿಯಮ ಬದಲಾಗಿದೆ. ಉದ್ಯೋಗಿ ಬೇರೆ ಆರಿಸದಿದ್ದರೆ ಸಾಮಾನ್ಯವಾಗಿ ಹಳೆಯ ಖಾತೆಯೇ ಹೊಸ ಕೆಲಸಕ್ಕೂ ಜೊತೆಗೆ ಬರುತ್ತದೆ. ಒಳ್ಳೆಯ ಕೆಲಸ.

ಶುಲ್ಕ ಒಂದು ಪರ್ಸೆಂಟ್ ತಾನೇ ಅನ್ನಬೇಡಿ. ವರ್ಷಕ್ಕೆ ಶೇ 7ರಂತೆ ಬೆಳೆದರೆ ಇವತ್ತಿನ 100, 30 ವರ್ಷದಲ್ಲಿ 761 ಆಗುತ್ತದೆ. ಶುಲ್ಕ ಕಳೆದು ಶೇ 6 ಆದರೆ 574. ಕಾಲು ಭಾಗವೇ ಹೋಯಿತು.

ಸರಿ, ಒಟ್ಟುಗೂಡಿಸೋಣ. ಆದರೆ ಹಣ ಕೈಗೆ ತಗೊಳ್ಳಬೇಡಿ, ಖಾತೆಯಿಂದ ಖಾತೆಗೆ ನೇರವಾಗಿ ಹೋಗಲಿ. ಅಮೆರಿಕದಲ್ಲಿ ಕೆಲಸ ಕೊಟ್ಟವರ ಮೂಲಕ ನಡೆಯುವ ನಿವೃತ್ತಿ ಖಾತೆಯಾದ 401(ಕೆ)ಯ ಹಣದ ಚೆಕ್ಕನ್ನು ನಿಮ್ಮ ಹೆಸರಿಗೇ ಬರೆಸಿಕೊಂಡರೆ ಶೇ 20 ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. 60 ದಿನದೊಳಗೆ ಪೂರ್ತಿ ಮೊತ್ತ ಹೊಸ ಖಾತೆಗೆ ಕಟ್ಟಬೇಕು. ಮುರಿದುಕೊಂಡ ಭಾಗವನ್ನೂ ಜೇಬಿನಿಂದ ತುಂಬಬೇಕು. ಕಟ್ಟದೆ ಉಳಿದದ್ದು ಆ ವರ್ಷದ ಆದಾಯವಾಗಿ ತೆರಿಗೆಗೆ ಬರುತ್ತದೆ.

ಎಲ್ಲ ಹಳೆಯ ಖಾತೆಯನ್ನೂ ಮುಚ್ಚಬೇಕೆಂದಿಲ್ಲ. ಕೆಲವಕ್ಕೆ ಜೀವವಿಮೆ ಅಂಟಿಕೊಂಡಿರುತ್ತದೆ, ಖಾತೆ ಮುಚ್ಚಿದರೆ ಅದೂ ಹೋಯಿತು. ಆರೋಗ್ಯ ಕೆಟ್ಟವರಿಗೆ ಹೊಸ ವಿಮೆ ಸಿಗುವುದು ಕಷ್ಟ. ಬದುಕಿರುವವರೆಗೂ ಇಷ್ಟು ಪಿಂಚಣಿ ಎಂದು ಭರವಸೆ ಕೊಟ್ಟ ಹಳೆಯ ಯೋಜನೆಗಳನ್ನಂತೂ ಮುಟ್ಟದಿರುವುದೇ ಲೇಸು ಅನ್ನುವವನು ನಾನು. ಬ್ರಿಟನ್ನಿನಲ್ಲಿ ಅಂಥ ಪಿಂಚಣಿಯ ಮೌಲ್ಯ 30,000 ಪೌಂಡ್ ದಾಟಿದರೆ, ಬೇರೆಡೆಗೆ ಸಾಗಿಸುವ ಮುನ್ನ ಸಲಹೆಗಾರರ ಮಾತು ಕೇಳಲೇಬೇಕು ಅಂತ ಕಾನೂನೇ ಇದೆ.

ವರ್ಗಾವಣೆ ಮುಗಿಯಿತು ಅಂತ ಸಂದೇಶ ಬಂದಮೇಲೆ ಜಾಸ್ತಿ ಜನ ಮರೆಯುವುದು ಎರಡು. ಹಳೆಯ ಖಾತೆಯ ನಾಮಿನಿ ಹೊಸದಕ್ಕೆ ತಾನಾಗಿ ಬರುವುದಿಲ್ಲ, ಮತ್ತೆ ಬರೆಸಬೇಕು. ಇನ್ನೊಂದು, ಹಣ ಎಷ್ಟೋ ಸಲ ಬರೀ ನಗದಾಗಿ ಬಂದು ಕೂತಿರುತ್ತದೆ. ಅದನ್ನು ಫಂಡಿಗೆ ಹಾಕುವವರೆಗೂ ಹೂಡಿಕೆ ಆಗಿರುವುದಿಲ್ಲ. ಇವತ್ತೇ ಒಮ್ಮೆ ಲಾಗಿನ್ ಆಗಿ ನೋಡಿ.